‘ಮಾಡುವ’ ಅಂದರೆ ಯಾರು ಮಾಡುವುದು?

ವಾದದಲ್ಲಿ ಗೆದ್ದವರಿಗೆ ಕೆಲಸ ಗಂಟುಬೀಳುತ್ತದೆ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಗೆದ್ದರೆ ಒಂದು ಕಪ್ಪು ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆ ಕಪ್ಪುಗಳಲ್ಲಿ ಈಗ ಅಮ್ಮ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು ಹಾಕಿಡುತ್ತಾರೆ.

ಎಲ್ಲ ಶುರುವಾದದ್ದು ಮನೆ ತೀರ್ವೆಯಿಂದ. ವಾಮಂಜೂರಿನ ನಮ್ಮ ಮನೆಯ ತೆರಿಗೆಯನ್ನು ಅಮ್ಮ ಈಗಲೂ ಹಾಗೆಯೇ ಕರೆಯುವುದು. ಈ ಸಲ ಅದನ್ನು ಕಟ್ಟಲು ಕುಳಿತವಳು ಅಭ್ಯಾಸಬಲದಿಂದ ಬಿಲ್ಲಿನ ಪ್ರತಿ ಸಾಲಿನ ಮೇಲೂ ಅನುಮಾನಪಟ್ಟೆ. ಆರೋಗ್ಯಕ್ಕೆ ಕರ ಉಂಟು, ಗ್ರಂಥಾಲಯಕ್ಕೆ ಉಂಟು, ಭಿಕ್ಷುಕರಿಗೂ ಉಂಟು. ಶಾಲೆಗೆ ಇಲ್ಲ. ನಾನು ಕಲಿತ ಸರಕಾರಿ ಶಾಲೆಯಲ್ಲೋ, ಎಲ್‌ಕೆಜಿ ಮಕ್ಕಳಿಗೆ ಕಲಿಸುವ ಪ್ರೆಸಿಲ್ಲಾ ಟೀಚರಿಗೆ ಸಂಬಳ ಕೊಡಬೇಕಾದರೆ ಹಳೆ ವಿದ್ಯಾರ್ಥಿಗಳ ಎದುರು ಕೈಚಾಚಬೇಕು. ಅವರು ಗೌರವ ಶಿಕ್ಷಕಿ. ಗೌರವ ತಪ್ಪದೆ ಸಿಗುತ್ತದೆ, ಧನ ಬಂದಾಗ ಬರುತ್ತದೆ. ಗಲ್ಫಿನಿಂದ ಹಣ ಕಳಿಸುತ್ತಿದ್ದ ದಾನಿ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅದೂ ನಿಂತಿತ್ತು. ಜೂನಿನೊಳಗೆ ದಾರಿಯಾಗದಿದ್ದರೆ ಟೀಚರ್ ಬೇರೆ ಕೆಲಸ ನೋಡಿಕೊಳ್ಳುತ್ತಾರೆ, ಪುಟ್ಟ ಮಕ್ಕಳ ಕೋಣೆಗೆ ಬೀಗ.

ಇದಕ್ಕೆಂದೇ ಕರೆದ ಶಾಲೆಯ ಸಭೆಯಲ್ಲಿ ಎದ್ದು ನಿಂತೆ. “ಭಿಕ್ಷುಕರ ಕರ ಇರುವುದು ಭಿಕ್ಷೆ ಬೇಡುವವರಿಗೆ. ನಮ್ಮ ಶಾಲೆ ಭಿಕ್ಷೆ ಬೇಡ್ತಾ ಉಂಟು. ಹಾಗಾದ್ರೆ ಅದರಲ್ಲಿ ಶಾಲೆಗೆ ಪಾಲು ಯಾಕಿಲ್ಲ?”

ಎಲ್ಲರೂ ನಕ್ಕರು. “ನನ್ನನ್ನು ಭಿಕ್ಷುಕಿ ಮಾಡಿದಿಯಲ್ಲ ಮಾರಾಯ್ತಿ,” ಎಂದರು ಪ್ರೆಸಿಲ್ಲಾ ಟೀಚರ್. ತರ್ಕದ ಪ್ರಕಾರ ಹೌದು ಎನ್ನಬೇಕಿತ್ತು, ನುಂಗಿಕೊಂಡೆ.

ನಮ್ಮ ವಾರ್ಡಿನ ಕಾರ್ಪೊರೇಟರ್ ಸದಾಶಿವಣ್ಣ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಾ, “ಪಾಯಿಂಟ್ ಉಂಟು. ಮಾಡುವ,” ಎಂದರು.

ಬಾಗಲಕೋಟೆ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಹೆಡ್‌ಮಿಸ್ ಪೆನ್ನು ಹಿಡಿದು ಕಾದರು. ಅವರ ಕಿವಿಗೆ ಮಾತು ಇನ್ನೂ ಮುಗಿದಿರಲಿಲ್ಲ. “ಮಾಡುವ... ಮುಂದೇನ್ರಿ? ಅರ್ಧಕ್ಕ ಬಿಟ್ರಲ್ಲ.”

“ಮುಂದೆ ಎಂತ ಇಲ್ಲ ಮೇಡಂ. ಮಾಡುವ, ಅಷ್ಟೆ,” ಎಂದರು ಸದಾಶಿವಣ್ಣ.

“ಅಂದ್ರ ಮಾಡೋರು ಯಾರು?”

ಪದದ ಅರ್ಥ ಚರ್ಚೆಗೆ ಬಂದರೆ ನಾನು ಸುಮ್ಮನಿರುವವಳಲ್ಲ. “ನಮ್ಮ ಕಡೆ ‘ಮಾಡುವ’ ಅಂದ್ರೆ ‘ಮಾಡೋಣ’ ಮೇಡಂ. ಅದರಲ್ಲಿ ಹೇಳಿದವರೂ ಸೇರ್ತಾರೆ, ಕೇಳಿದವರೂ ಸೇರ್ತಾರೆ,” ಎಂದು ವಿವರಿಸಿದೆ.

“ಹೇಳಿದವ್ರು ಅವ್ರು, ಕೇಳಿದವ್ರು ನೀವು. ಚಲೋ ಆತು,” ಎಂದು ಹೆಡ್‌ಮಿಸ್ ಇಬ್ಬರ ಹೆಸರನ್ನೂ ನಡಾವಳಿಯಲ್ಲಿ ಬರೆದುಬಿಟ್ಟರು.

ನನ್ನ ವ್ಯಾಖ್ಯಾನಕ್ಕೆ ನಾನೇ ಸಿಕ್ಕಿಬಿದ್ದೆ. ಅಂದಿನಿಂದ ಸದಾಶಿವಣ್ಣ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಪಾಲಿಕೆ ಕಚೇರಿಗೆ ಬರುತ್ತಾರೆ. ಮೊದಲ ದಿನವೇ, ಭಿಕ್ಷುಕರ ಕರ ಭಿಕ್ಷುಕರಿಗೇ ಸೇರಬೇಕಾದದ್ದು, ಅದಕ್ಕೆ ಕೈಹಾಕುವ ಹಾಗಿಲ್ಲ ಎಂದು ಅಲ್ಲಿನ ಗುಮಾಸ್ತರು ನನ್ನ ಅತ್ಯುತ್ತಮ ವಾದವನ್ನು ಒಂದೇ ಉಸಿರಿಗೆ ಮುಗಿಸಿದರು. ಬೇರೆ ಯಾವುದಾದರೂ ಅನುದಾನ ಉಂಟಾ ಎಂದೆ. “ನೋಡುವ,” ಎಂದರು. ನಮ್ಮೂರಿನಲ್ಲಿ ‘ಮಾಡುವ’ದಲ್ಲಿ ಆಸೆಯಾದರೂ ಉಂಟು. ‘ನೋಡುವ’ ಎಂದರೆ ಎದ್ದು ಚಪ್ಪಲಿ ಹಾಕಿಕೊಳ್ಳಬಹುದು. ನಾನು ಏಳಲಿಲ್ಲ. ಕಚೇರಿಯವರು ಊಟಕ್ಕೆ ಹೋಗಿ ಬಂದರೂ ಕುಳಿತೇ ಇದ್ದೆ. ಕೊನೆಗೆ, ಬಜೆಟಿನಲ್ಲಿ ಶಿಕ್ಷಣಕ್ಕೆಂದು ಇಟ್ಟದ್ದರಲ್ಲಿ ಕೇಳಿ ನೋಡಿ ಎಂದು ಅರ್ಜಿ ತೆಗೆದುಕೊಂಡರು. ಅದು ಎಲ್ಲಿಗೆ ಮುಟ್ಟಿತು ಎಂದು ವಿಚಾರಿಸಲು ಈಗ ವಾರವಾರ ಹೋಗುತ್ತೇವೆ.

ಇವತ್ತು ಹೋಗಿ ಹೊರಗೆ ಬರುವಾಗ ಹೆಡ್‌ಮಿಸ್ ಫೋನು. “ಪ್ರೆಸಿಲ್ಲಾ ಟೀಚರ್ ಕೇಳಾಕತ್ತಾರ್ರೀ, ಜೂನಿಗೆ ಬರೋದೋ ಬ್ಯಾಡೋ ಅಂತ. ಏನು ಹೇಳ್ಲಿ?”

‘ನೋಡುವ’ ನಾಲಗೆಯ ತುದಿಗೆ ಬಂದಿತ್ತು. ‘ಮಾಡುವ’ವೂ ಅದರ ಬೆನ್ನಿಗೇ ಇತ್ತು. ಎರಡನ್ನೂ ತಡೆದು, “ಬರ್ಲಿಕ್ಕೆ ಹೇಳಿ ಮೇಡಂ. ನಾನು ಮಾಡ್ತೇನೆ,” ಎಂದೆ.

ಹಿಂದಿನ ಸೀಟು ಹತ್ತುತ್ತಿದ್ದ ಸದಾಶಿವಣ್ಣ ನನ್ನ ಹೆಗಲು ತಟ್ಟಿದರು.

“ಕಾರ್ಪೊರೇಟರ್ ಆದ ಹೊಸತರಲ್ಲಿ ನಾನೂ ಹಾಗೇ ಹೇಳ್ತಾ ಇದ್ದದ್ದು ಮಾರಾಯ್ತಿ.”

ಸ್ಕೂಟರ್ ಸ್ಟಾರ್ಟ್ ಮಾಡಿದೆ.