ಎಡೆಗೊಂದು ಕಣ್ಗಾವಲು

ಅಪ್ಪನ ಎಡೆಯಿಂದ ಪ್ರತಿವರ್ಷ ಒಂದು ವಡೆ ಕಾಣೆಯಾಗುವ ರಹಸ್ಯವನ್ನು ಈ ಬಾರಿ ಪುರಾವೆಸಹಿತ ಬಯಲಿಗೆಳೆಯುವುದಾಗಿ ನಾನು ಘೋಷಿಸಿದೆ. ಇಪ್ಪತ್ತು ವರ್ಷ ವಿಜ್ಞಾನದ ಪುಸ್ತಕ ಓದಿದವನು ಒಂದು ವಡೆಯ ಮುಂದೆ ಸೋಲುವುದೇ!

ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಪಿತೃಪಕ್ಷದ ಪದ್ಧತಿ ಕಟ್ಟುನಿಟ್ಟು. ನಡುಮನೆಯಲ್ಲಿ ಅಪ್ಪನ ಫೋಟೊದ ಮುಂದೆ ಎಡೆ ಬಡಿಸಿ, ಹೊಸ ಪಂಚೆ, ಬೀಡಿಕಟ್ಟು ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಗೆ ಬಂದು ಕೂರಬೇಕು. ಹಿರಿಯರು ಸಂಕೋಚವಿಲ್ಲದೆ ಉಣ್ಣಲೆಂದು. ಅಲ್ಲಿಯವರೆಗೆ ನಮ್ಮೆಲ್ಲರಿಗೂ ಉಪವಾಸ. ಬಾಗಿಲು ತೆರೆದಾಗ ಒಂದು ವಡೆ ಕಡಿಮೆ! ಅಪ್ಪ ತಿಂದರೆಂದು ಅವ್ವ, ಬೆಕ್ಕು ತಿಂದಿತೆಂದು ನಾನು.

"ಬೆಕ್ಕು ಸಿಕ್ಕಿಬಿದ್ರೆ ಒಪ್ಕೊತೀಯಾ ಅವ್ವ?"

"ಒಪ್ಕೊತೀನಿ ಬುಡು. ಸಿಗ್ನಿಲ್ಲ ಅಂದ್ರೆ?"

"ಇನ್ನು ಈ ವಿಷಯದಲ್ಲಿ ನಾನು ತುಟಿ ಬಿಚ್ಚಲ್ಲ!"

"ಅದಕ್ಕಾದ್ರೂ ಮಾವ ಬರ್ಲಪ್ಪ," ಎಂದು ಹೆಂಡತಿ ಸುಕನ್ಯ ಕೈಮುಗಿದಳು.

ಮೈಸೂರಿನಿಂದ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ತಂದೆ. ಅದು ಮುಖ ಗುರುತಿಸುತ್ತದೆ, ಬೆಕ್ಕನ್ನೂ ನಾಯಿಯನ್ನೂ ಬೇರ್ಪಡಿಸುತ್ತದೆ, ಕಂಡದ್ದನ್ನು ಮೊಬೈಲಿನಲ್ಲಿ ಅಚ್ಚಗನ್ನಡದಲ್ಲಿ ಸಾರುತ್ತದೆ. ಮೂರು ದಿನ ಅದಕ್ಕೆ ವಿದ್ಯಾಭ್ಯಾಸ ಮಾಡಿಸಿದೆ. ಮನೆಯವರ ಮುಖಗಳನ್ನು ಎಡದಿಂದ, ಬಲದಿಂದ, ನೇರವಾಗಿ ನಾನೇ ಕ್ಲಿಕ್ಕಿಸಿ ಹೆಸರುಸಹಿತ ತುಂಬಿದೆ. ಹಳೆಯ ಆಲ್ಬಮ್ಮನ್ನೂ ಬಿಡಲಿಲ್ಲ!

"ಮನುಷ್ಯರು ಸುಳ್ಳು ಹೇಳಬಹುದು, ಇದು ಹೇಳಲ್ಲ," ಎಂದು ಹಬ್ಬಕ್ಕೆ ಬಂದಿದ್ದ ಸೋದರತ್ತೆ ಪುಟ್ಟಸಿದ್ದಮ್ಮನಿಗೂ ಉಪದೇಶಿಸಿದೆ.

ಎಡೆಯಿಟ್ಟು, ಬಾಗಿಲು ಮುಚ್ಚಿ, ಜಗಲಿಯಲ್ಲಿ ಕುಳಿತೆವು. ಎರಡೇ ನಿಮಿಷ. ಮೊಬೈಲು ಗಂಟಲು ಸರಿಪಡಿಸಿಕೊಂಡಿತು.

"ಚಿಕ್ಕಣ್ಣ ಅವರು ಮನೆಯೊಳಗಿದ್ದಾರೆ."

ಚಿಕ್ಕಣ್ಣ ಎಂದರೆ ನಮ್ಮಪ್ಪ! ತೀರಿಕೊಂಡು ಒಂಬತ್ತು ವರ್ಷ!

"ಅತ್ಗೆ, ಅಣ್ಣಯ್ಯ ಬಂದವ್ನೆ!" ಅತ್ತೆ ಎದ್ದು ನಿಂತರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅತ್ತೆ, ಅದು ಗೋಡೆ ಮೇಲಿನ ಫೋಟೊ ನೋಡಿ ಹೇಳ್ತಿದೆ! ಧೂಪದ ಹೊಗೆ ಅಲ್ಲಾಡಿದ್ದಕ್ಕೆ..."

"ಒಳಗ್ ಕುಂತಿರೋದು ಅದು, ಆಚೆ ಕುಂತಿರೋನು ನೀನು. ಯಾರ್ ಮಾತ ನಂಬನ? ಸುಳ್ಳೇಳಲ್ಲ ಅಂತ ನೀನೇ ಅಂದಲ್ಲೋ!"

"ಸುಮ್ಕಿರ್ಲಾ, ಉಣ್ಲಿ ಅವ್ರು," ಎಂದಳು ಅವ್ವ.

ನನ್ನ ವೈಚಾರಿಕತೆಯ ಮಾನ ಹರಾಜಾಗುತ್ತಿತ್ತು! ಫೋಟೊ ಮುಚ್ಚಿದರೆ ಯಂತ್ರ ಸುಮ್ಮನಾಗುತ್ತದೆ, ನನ್ನ ವಾದ ಗೆಲ್ಲುತ್ತದೆ. ಮೊಬೈಲನ್ನು ಸುಕನ್ಯಳ ಕೈಗಿತ್ತು, ಕಾಲು ತೊಳೆಯುವ ನೆಪ ಹೇಳಿ, ಹಿತ್ತಿಲ ಬಾಗಿಲಿನಿಂದ ನುಸುಳಿದೆ. ಫೋಟೊಗೆ ಹೆಗಲ ಟವೆಲು ಹೊದಿಸಿದೆ. ಪ್ರಯೋಗ ಮುಗಿಯಿತು. ಆದರೆ ಬೆಳಗಿನಿಂದ ಖಾಲಿಯಿದ್ದ ಹೊಟ್ಟೆ ಸ್ವತಂತ್ರವಾಗಿ ಇನ್ನೊಂದು ಪ್ರಯೋಗಕ್ಕೆ ಅಣಿಯಾಗಿತ್ತು. ಕಣ್ಣೆದುರಿಗೇ ಗರಿಗರಿ ವಡೆಗಳು. ಕೈ ತಾನಾಗಿಯೇ ಚಾಚಿತು, ಬಾಯಿ ಸಹಕರಿಸಿತು.

"ಎಚ್ಚರಿಕೆ! ಮನೆಯೊಳಗೆ ಅಪರಿಚಿತ ವ್ಯಕ್ತಿ!" ಎಂದು ಕ್ಯಾಮೆರಾ ಕೇರಿಗೆಲ್ಲ ಕೇಳುವಂತೆ ಸೈರನ್ ಊದಿತು!

ಆಗ ಹೊಳೆಯಿತು: ಎಲ್ಲರ ಮುಖ ಕ್ಲಿಕ್ಕಿಸಿದವನ ಮುಖವನ್ನು ಕ್ಲಿಕ್ಕಿಸಿದವರು ಯಾರೂ ಇರಲಿಲ್ಲ!

ಬಾಗಿಲು ದಡಾರನೆ ತೆರೆಯಿತು. ಮುಂದೆ ದೊಣ್ಣೆ ಹಿಡಿದ ಪಕ್ಕದ ಮನೆ ಚೆಲುವರಾಜು, ಹಿಂದೆ ನನ್ನ ಸಂಸಾರ. ನಡುವೆ ಒಂದು ಕೆನ್ನೆ ಉಬ್ಬಿಸಿಕೊಂಡ ನಾನು! ಮೊಬೈಲಿನಲ್ಲಿ ನನ್ನ ಕಳ್ಳತನದ ದೃಶ್ಯ ಮೂರು ಬಾರಿ ಪ್ರದರ್ಶನಗೊಂಡಿತು.

"ಇನ್ನೊಂದ್ಸಲ ಹಾಕಕ್ಕ, ಸೈಡಿಂದ ಚೆನ್ನಾಗ್ ಬಂದವ್ರೆ ಅಣ್ಣ," ಎಂದ ಚೆಲುವರಾಜು.

ಹಿಂದಿನ ವರ್ಷಗಳ ವಡೆಗಳೂ ನನ್ನ ಹೊಟ್ಟೆಗೇ ಹೋದವೆಂದು ಸಭೆ ತೀರ್ಮಾನಿಸಿತು. ಅಲ್ಲವೆಂದು ಸಾಧಿಸಲು ಬಾಯಿ ತೆರೆದರೆ ಹೊರಬಂದದ್ದು ಬರೀ ವಡೆಯ ಚೂರು.

"ಪಾಪ, ಆ ಬೆಕ್ಕಿನ್ ಮ್ಯಾಲೆ ಇಷ್ಟ್ ವರ್ಸ ಹೇಳ್ದಲ್ಲೋ!" ಅವ್ವ ನೊಂದುಕೊಂಡಳು.

ಅಷ್ಟರಲ್ಲಿ ಮೊಬೈಲು ಕೇಳಿತು: "ಈ ಅಪರಿಚಿತ ವ್ಯಕ್ತಿಯ ಹೆಸರು ನಮೂದಿಸಿ." ಸುಕನ್ಯ ಒಂದು ಕ್ಷಣವೂ ಯೋಚಿಸದೆ ಬರೆದಳು.

ಮರುದಿನ ಸಂಜೆ ಆಫೀಸಿನಿಂದ ಬಂದು ನಡುಮನೆಗೆ ಕಾಲಿಟ್ಟೆ. ಕೃತಕ ಬುದ್ಧಿಮತ್ತೆ ಪೂರ್ಣ ಗೌರವದೊಂದಿಗೆ ಸಾರಿತು:

"ಬೆಕ್ಕು ಅವರು ಮನೆಯೊಳಗಿದ್ದಾರೆ."

ಪಂದ್ಯದ ಷರತ್ತಿನಂತೆ ನಾನು ತುಟಿ ಬಿಚ್ಚಲಿಲ್ಲ.