ಅರಸರಿಗೂ ಒಡಪು

ಪ್ರಶ್ನೆ ಕೇಳಿಯೇ ಮಗಳನ್ನು ಜಾಣೆ ಮಾಡುತ್ತೇನೆಂಬ ಹುಚ್ಚು ನನಗೆ ಹಿಡಿದದ್ದು ನವಿಲುತೀರ್ಥದ ಆಣೆಕಟ್ಟಿಗೆ ನೀರು ನಿಂತ ಮರುವರ್ಷ. ನಮ್ಮ ಇಂದ್ರವ್ವ ಐದನೆಯ ಇಯತ್ತೆಯಲ್ಲಿ ಸಮಾಜ ವಿಷಯಕ್ಕೆ ಕೆಂಪು ಗೆರೆ ಹೊಡೆಸಿಕೊಂಡು ಬಂದಿದ್ದಳು.

“ಸಾಲಿ ಬಿಡಸ್ರಿ. ಗುಂಡಗ ರೊಟ್ಟಿ ಬಡದರ ಅದಽ ಭೂಗೋಳ,” ಎಂದು ಅತ್ತೆ ತೀರ್ಪು ಕೊಟ್ಟರು.

ನಾನು ಶಾಲೆ ಕಂಡವಳಲ್ಲ. ಅಣ್ಣ ಓದುವುದನ್ನು ಕೇಳಿ ಕೇಳಿ ಅಕ್ಷರ ಕಲಿತವಳು. ಮುರಗೋಡ ಮಠದ ಅಜ್ಜನಿಗೆ ಕೈಮುಗಿದು, ಸಂಜೆ ದೀಪ ಹಚ್ಚಿದ ಮೇಲೆ ‘ಪ್ರಶ್ನಾಕ್ರೀಡಾ ಮಹಾಮಂಡಳ’ವನ್ನು ಉದ್ಘಾಟಿಸಿದೆ. (ಅಧ್ಯಕ್ಷೆ ನಾನು, ಸದಸ್ಯೆ ಇಂದ್ರವ್ವ.) ಉತ್ತರ ಸರಿಯಾದರೆ ಹುರಿದ ಶೇಂಗಾ ಅವಳಿಗೆ, ತಪ್ಪಿದರೆ ನನಗೆ. ಮೊದಲ ವಾರ ನಾನು ದಪ್ಪಗಾದೆ. ಆಮೇಲೆ ಅವಳು ನದಿ, ರಾಜಧಾನಿ, ಅರಸರನ್ನೆಲ್ಲ ಪಟಪಟನೆ ಹೇಳತೊಡಗಿದಳು.

ಒಂದೇ ತೊಡಕು. ಕಿತ್ತೂರ ರಾಣಿ ಸೆರೆಯಾದ ಮೇಲೂ ಬ್ರಿಟಿಷರೊಡನೆ ಕಾದಿದ ಸಂಗೊಳ್ಳಿಯ ವೀರನ ಹೆಸರೇ ನಮ್ಮ ಯಜಮಾನರ ಹೆಸರು. ಗಂಡನ ಹೆಸರು ಬಾಯಲ್ಲಿ ಬರಬಹುದೆ? ಆ ಪ್ರಶ್ನೆ ಬಂದಾಗಲೆಲ್ಲ “ನಿಮ್ಮಪ್ಪ” ಎಂದು ಹೇಳಿಕೊಟ್ಟು ಮುಂದೆ ಸಾಗುತ್ತಿದ್ದೆ.

ಅತ್ತೆಗೆ ನಂಬಿಕೆಯಿಲ್ಲ. ಹಣಮಂತಪ್ಪ ಮಾಸ್ತರರನ್ನು ಮನೆಗೇ ಕರೆಸಿದರು. “ನಮ್ಮ ಮುಂದ ಕೇಳ್ರಿ ಮಾಸ್ತರ. ಒಂದ ತಪ್ಪಿದರೂ ನಾಳಿಂದ ಸಾಲಿ ಬಂದ್.”

ಇಂದ್ರವ್ವ ಒಂದಕ್ಕೂ ತಪ್ಪು ಹೇಳಲಿಲ್ಲ. ಕಡೆಗೆ ಮಾಸ್ತರರು, “ರಾಣಿ ಸೆರಿ ಸಿಕ್ಕ ಮ್ಯಾಲೆ ಬ್ರಿಟಿಷರ ಕೂಡ ಕಾದಿದಾಂವ ಯಾರವಾ?” ಎಂದರು.

“ನಮ್ಮಪ್ಪರೀ!”

ಚಹಾ ಕುಡಿಯುತ್ತಿದ್ದ ಯಜಮಾನರಿಗೆ ನೆತ್ತಿ ಹತ್ತಿತು. (ಅವರು ಯರಗಟ್ಟಿ ಪೇಟೆಯಲ್ಲಿ ಹತ್ತಿ ತೂಗುವವರು, ಇಲಿ ಕಂಡರೆ ಕಟ್ಟೆ ಏರುವವರು.)

“ಬ್ರಿಟಿಷರ ಕೂಡ ಕಾದ್ಯಾನಂತ! ಹೇಣ್ತಿ ಮುಂದ ಬಾಯಿ ಬಿಡೂದಿಲ್ಲ ಇಂವ,” ಎಂದರು ಅತ್ತೆ. “ತಪ್ಪಿತಲ್ಲ? ಸಾಲಿ ಬಂದ್.”

“ತಪ್ಪ ಆಕೀದಲ್ರೀ ಅತ್ತಿ, ನಂದು. ನಾನಽ ಹಂಗ ಕಲಿಸೇನಿ.”

“ಹಂಗಾರ ಖರೇ ಉತ್ತರ ನೀವಽ ಹೇಳ್ರೆವಾ,” ಎಂದರು ಮಾಸ್ತರರು.

ಇಂದ್ರವ್ವನ ಕಣ್ಣು ತುಂಬಿತ್ತು. ಗಂಡನ ಹೆಸರು ಹೇಳಲು ಹೆಣ್ಣಿಗೆ ಇರುವುದು ಒಂದೇ ದಾರಿ: ಮದುವೆಯಲ್ಲಿ ಹೇಳುವಂತೆ, ಪ್ರಾಸದೊಳಗೆ ಹೆಸರು ಸೇರಿಸಿ ಒಡಪು ಹಾಕುವುದು. ಸೆರಗು ಹೊದ್ದು, ಕಣ್ಣು ಮುಚ್ಚಿ ಹಾಕಿಯೇಬಿಟ್ಟೆ:

“ನವಿಲುತೀರ್ಥದ ಕಟ್ಟಿಗೆ ಹಚ್ಚ್ಯಾರ ಬಿಳೇ ಸುಣ್ಣ,
ಬ್ರಿಟಿಷರ ಕೂಡ ಕಾದಿದಾವ್ರು ಸಂಗೊಳ್ಳಿ ರಾಯಣ್ಣ!”

ಅತ್ತೆಗೆ ಒಡಪೆಂದರೆ ಪ್ರಾಣ. “ಹೋಗಲಿ ಬಿಡ ಸಾಲಿಗೆ,” ಎಂದು ನಕ್ಕುಬಿಟ್ಟರು. ಗೆದ್ದೆ ಎಂದುಕೊಂಡೆ.

ಮಾಸ್ತರರು ಸುಮ್ಮನಿರಬೇಕಲ್ಲ! “ಹಿಂಗ ಹೇಳಿದರ ಹುಡುಗೂರು ಸಾಯೂತನಕ ಮರಿಯೂದಿಲ್ಲ. ಅಶೋಕಗೊಂದು, ಪುಲಿಕೇಶಿಗೊಂದು ಕಟ್ಟಿ ಕೊಡ್ರಿ,” ಎಂದರು. ನಾನು ಉಬ್ಬಿ ಒಪ್ಪಿಕೊಂಡೆ. ಒಡಪು ಹಾಕಿ ಹೇಳುವುದು ಗಂಡನ ಹೆಸರನ್ನಷ್ಟೇ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಇಡೀ ಬೈಲಹೊಂಗಲ ಸೀಮೆಯ ಹುಡುಗರ ಬಾಯಲ್ಲಿ ನನ್ನ ಅರಸರು ಮೆರೆಯುತ್ತಿದ್ದರು.

ಒಂದು ರಾತ್ರಿ ಯಜಮಾನರು ಊಟಕ್ಕೆ ಕುಳಿತರು. ರೊಟ್ಟಿ ಬಡಿಸಿದೆ. ಮುಟ್ಟಲಿಲ್ಲ.

“ಯಾಕ್ರಿ?”

“ನಾ ಉಣ್ಣಲೋ, ಪುಲಿಕೇಶಿ ಬರೂತನಕ ಕಾಯಲೋ?”