ಸೋಮವಾರ ರಜೆ ಇದ್ದ ಮೋಟಾರು

ಮೋಟಾರಿಗೆ ವಾರದ ರಜೆ ಕೊಟ್ಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ನನ್ನ ದುರದೃಷ್ಟಕ್ಕೆ ಅವನು ನನ್ನ ಸೋದರಮಾವನೇ ಆಗಿದ್ದ! ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಸರಿ, ಅದು ಎತ್ತಿನ ಮಾತಾಯಿತು. ಮೋಟಾರಿಗೇಕೆ? ಕೇಳಿದರೆ ಮಾವ ನಮ್ಮನ್ನೇ ದಡ್ಡರಂತೆ ನೋಡುತ್ತಿದ್ದ. ಭಾರ ಎಳೆಯುವುದೆಲ್ಲ ಎತ್ತೇ ಎಂಬುದು ಅವನ ವಾದ.

ಯುದ್ಧ ಮುಗಿದ ಮೇಲೆ ಸೊಲ್ಲಾಪುರದ ಹರಾಜಿನಲ್ಲಿ ಹಿಡಿದು ತಂದ ಮಿಲಿಟರಿ ಮೋಟಾರು ಅದು. ಮುಂದೆ ಇಬ್ಬರು ಕೂಡುವಷ್ಟು ಗೂಡು, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ಗೊಬ್ಬೂರಿನ ಮಾವನ ಮನೆಯಲ್ಲಿ ಅದರ ವಾಸ ಕೊಟ್ಟಿಗೆಯಲ್ಲೇ, ಎತ್ತುಗಳ ಪಕ್ಕ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣವಾದರೆ ಇದರ ದೀಪಗಳ ಸುತ್ತ ಹುರಮಂಜಿನ ಕೆಂಪು ಬಣ್ಣ. ರೇಡಿಯೇಟರಿಗೆ ಹೋಳಿಗೆ ತಿನ್ನಿಸಲು ಹೋಗಿ ಅತ್ತೆಯಿಂದ ಬೈಸಿಕೊಂಡದ್ದೂ ಉಂಟು! ಜೇವರ್ಗಿ ಸಂತೆಗೆ ಜೋಳ ಹೇರಿಕೊಂಡು ಹೋಗುವಾಗ ಏರು ಹತ್ತಿದ ಕೂಡಲೇ ನಿಲ್ಲಿಸಿ ಬಾನೆಟ್ಟಿನ ಬೆನ್ನು ಸವರುತ್ತಿದ್ದ. ಹಿಂದೆ ಮೂಟೆಗಳ ಮೇಲೆ ಬಿಸಿಲಲ್ಲಿ ಬೇಯುತ್ತಿದ್ದ ನಮ್ಮ ಬೆನ್ನು ಸವರುವವರು ಯಾರೂ ಇರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ನಾನು ಚೊಚ್ಚಲ ಹೆರಿಗೆಗೆ ಅಲ್ಲಿಗೆ ಬಂದೆ. ತಾಯಿಯಿಲ್ಲದ ನನಗೆ ಅದೇ ತವರು. ನಾನು ಬಂದ ವಾರದಲ್ಲೇ ಮೋಟಾರಿನ ಎಡಗಡೆಯ ಗಾಲಿ ಪಂಕ್ಚರಾಯಿತು. ಅಲ್ಲಿಯವರೆಗೆ ಮಾವ ಬಿಚ್ಚಿದ್ದೆಲ್ಲ ಬಲಗಡೆಯ ಗಾಲಿಗಳು. ಅದೇ ಧೈರ್ಯದಲ್ಲಿ ನಟ್ಟಿಗೆ ಪಾನಾ ಹಾಕಿ, ಅದಕ್ಕೆ ಮಾರುದ್ದದ ಪೈಪು ಸಿಕ್ಕಿಸಿ, ಎಡಕ್ಕೆ ತಿರುಗಿಸಿದ. ನಟ್ಟು ಜಪ್ಪಯ್ಯ ಅನ್ನಲಿಲ್ಲ. ಮಾವ ಬಿಡುತ್ತಾನೆಯೇ? ಪೈಪಿನ ತುದಿಗೆ ಹತ್ತಿ ನಿಂತೇ ಬಿಟ್ಟ. ಫಟ್ ಅಂತ ಬೋಲ್ಟೇ ಮುರಿಯಿತು. ಹೀಗೆ ಒಂದಲ್ಲ, ಮೂರು! ಪ್ರತಿ ಸಲವೂ ಮಿಲಿಟರಿಯವರಿಗೆ ಬೈಗುಳ.

ಅತ್ತೆ ಜೋಳ ಹಸನು ಮಾಡುತ್ತಲೇ ಎಲ್ಲ ನೋಡುತ್ತಿದ್ದಳು.

"ಎಡಗಡಿ ಎತ್ತಿನ ಹಗ್ಗ ಬಲಗಡಿ ಎತ್ತಿಗಿ ಕಟ್ಟಿದಂಗ ಕಟ್ತೀರೇನ್ರಿ? ಇದನ್ನ ಬಲಕ್ಕ ತಿರುವಿ ನೋಡ್ರಿ."

ಹೆಂಗಸರಿಗೆ ಯಂತ್ರ ತಿಳಿಯುವುದಿಲ್ಲ ಎಂದು ಮಾವ ಗೊಣಗಿದ. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಬಲಕ್ಕೆ ತಿರುಗಿಸಿದ. ಉಳಿದೆರಡು ನಟ್ಟು ಬೆಣ್ಣೆಯಂತೆ ಬಂದವು. ಆ ಮೋಟಾರಿನ ಎಡಗಡೆಯ ನಟ್ಟುಗಳಿಗೆ ಸುತ್ತೇ ಉಲ್ಟಾ ಇತ್ತು. ಮುಂದೆ ಎರಡು ದಿನ ಅವನು ಅತ್ತೆಯ ಮುಖ ನೋಡಿ ಊಟ ಮಾಡಲಿಲ್ಲ.

ಗಾಲಿಗೆ ಪಂಕ್ಚರು ಹಾಕಿಸಿಯಾಯಿತು, ಆಳಂದದ ಗುಜರಿಯವನಿಂದ ಅದೇ ಅಳತೆಯ ಬೋಲ್ಟುಗಳೂ ಬಂದವು. ಆದರೆ ಕೂಡಿಸಲು ಮುಹೂರ್ತ ಬೇಡವೇ! ಅವು ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತವು. ಮೋಟಾರು ಕಲ್ಲಿನ ಮೇಲೆ ಮೂರು ಕಾಲಲ್ಲಿ ನಿಂತಿತು. ಹೀಗೆ ತಿಂಗಳಾಯಿತು.

ನನಗೆ ಬೇನೆ ಶುರುವಾದದ್ದು ಒಂದು ಸೋಮವಾರದ ಬೆಳಗ್ಗೆ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಮಲಗಿದೆ, ಕಲಬುರಗಿಯ ದವಾಖಾನೆಗೆ ಒಯ್ಯದಿದ್ದರೆ ಎರಡು ಜೀವವೂ ಉಳಿಯುವುದಿಲ್ಲ ಅಂದಳು. ಗಲಾಟೆಯ ವರ್ಷ ಅದು, ಬಸ್ಸುಗಳು ನಿಂತಿದ್ದವು. ಎತ್ತಿನ ಗಾಡಿಯಲ್ಲಿ ಹೋದರೆ ಇಡೀ ದಿನದ ದಾರಿ. ನೋವಿನ ನಡುವೆಯೂ ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ನನಗೆ ಸಾಯುವ ಹೆದರಿಕೆಗಿಂತ ಅವನ ಸೋಮವಾರದ ಹೆದರಿಕೆಯೇ ಹೆಚ್ಚಾಗಿತ್ತು.

ಮಾವ ನೆಟ್ಟಗೆ ಹೋಗಿ ಜಗಲಿಯ ಬೋಲ್ಟು ಎತ್ತಿಕೊಂಡ. ಗಾಲಿಯ ಡ್ರಮ್ಮು ಬಿಚ್ಚಿ ಒರಳಿನ ಮೇಲಿಟ್ಟು, ಮುರಿದ ತುಂಡುಗಳಿಗೆ ಹಾರೆ ಹಿಡಿದು ಒನಕೆಯಿಂದ ಕುಟ್ಟಿ ಕೆಡವಿದ. ಹೊಸ ಬೋಲ್ಟನ್ನು ಹಿಂದಿನಿಂದ ತೂರಿಸಿದ. ಅದು ಅರ್ಧಕ್ಕೆ ನಿಂತಿತು. ಮುಂದಿನಿಂದ ಬೋಲ್ಟಿನ ಗಾತ್ರದ ದಪ್ಪನೆಯ ಬಳೆಗಳಂಥದ್ದೇನಾದರೂ ಪೋಣಿಸಿ ನಟ್ಟು ಬಿಗಿದರೆ ಅದು ಬೋಲ್ಟನ್ನು ಪೂರಾ ಎಳೆದುಕೊಳ್ಳುತ್ತದೆ. ಅಂಥ ಬಳೆ ಮನೆಯಲ್ಲಿ ಹುಡುಕಿದರೂ ಇರಲಿಲ್ಲ.

ಅತ್ತೆ ಹೊಸ್ತಿಲ ಮೇಲೆ ಕುಳಿತು ತನ್ನ ಕಾಲುಂಗುರ ಬಿಚ್ಚತೊಡಗಿದಳು. ನಾಲ್ಕು ಬೆಳ್ಳಿಯ ಗಟ್ಟಿ ಉಂಗುರ. ಗಂಡ ಇರುವ ತನಕ ನಮ್ಮಲ್ಲಿ ಯಾರೂ ಅವನ್ನು ಕಾಲಿಂದ ತೆಗೆಯುವುದಿಲ್ಲ. ಮಾವ ಹೆದರಿಬಿಟ್ಟ.

"ಬ್ಯಾಡ. ನಾ ಇನ್ನಾ ಅದೀನಿ."

"ನೀವು ಇರ್ತೀರಿ ಬಿಡ್ರಿ. ಹುಡುಗಿ ಉಳೀಬೇಕಲ್ಲ."

ಮಾವ ಉಂಗುರ ಪೋಣಿಸಿ ನಟ್ಟು ಬಿಗಿದ. ಈ ಸಲ ಎಡಕ್ಕೇ ತಿರುಗಿಸಿ ಬಿಗಿದ. ಮೂರನೆಯ ಬೋಲ್ಟು ಕೂಡುವ ಹೊತ್ತಿಗೆ ನಾಲ್ಕೂ ಉಂಗುರ ಚಪ್ಪಟೆಯಾಗಿದ್ದವು. ಗಾಲಿ ಹಾಕಿ, ನನ್ನನ್ನು ಹಿಂದೆ ಹಾಸಿಗೆಯ ಮೇಲೆ ಮಲಗಿಸಿ, ಹೊರಡುವ ಮುಂಚೆ ಬಾನೆಟ್ಟಿಗೆ ಹಣೆ ಹಚ್ಚಿ, ಇದೊಂದು ದಿನ ತಪ್ಪಾಯಿತು ಎಂದು ಮೋಟಾರಿನ ಕ್ಷಮೆ ಕೇಳಿದ. ಆಗ ನನಗೆ ನಗು ಬರಲಿಲ್ಲ, ನಿಜ ಹೇಳುತ್ತೇನೆ. ಅಳುವೇ ಬಂತು. ಹೊತ್ತು ಇಳಿಯುವುದರೊಳಗೆ ದವಾಖಾನೆಯಲ್ಲಿ ನನ್ನ ಮಗಳು ಹುಟ್ಟಿದಳು.

ಆ ಚಪ್ಪಟೆ ಬೆಳ್ಳಿಯನ್ನು ಮಾವ ಕರಗಿಸಿ ಕೂಸಿಗೆ ಕಾಲ್ಗಡಗ ಮಾಡಿಸಿದ. ಅತ್ತೆಗೆ ಹೊಸ ಉಂಗುರ ತಂದ, ಅವಳು ಹಾಕಿಕೊಳ್ಳಲಿಲ್ಲ. ಮತ್ತೆ ತಂದ, ಮತ್ತೆ ಇಲ್ಲ. ಊರ ಹೆಂಗಸರು ಆಡಿಕೊಂಡರು. ಇಬ್ಬರಲ್ಲಿ ಮಾವನೊಬ್ಬನೇ ತಿಕ್ಕಲ ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ!

ಬಹಳ ವರ್ಷಗಳ ಮೇಲೆ ಮಾವ ತೀರಿಕೊಂಡ. ಅತ್ತೆಯ ಕಾಲುಂಗುರ ತೆಗೆಯಬೇಕೆಂದು ಮುದುಕಿಯರು ಅವಳ ಮುಂದೆ ಕುಳಿತು ಸೀರೆಯ ಅಂಚು ಸರಿಸಿದರು. ಬರಿಗಾಲು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ್ ತಗೀತೀರಿ? ಅವರ ಕೈಗೇ ಕೊಟ್ಟೀನಿ" ಅಂದಳು ಅತ್ತೆ, ಕಾಲು ಒಳಗೆಳೆದುಕೊಳ್ಳುತ್ತ.